ನಾನೂರ ಹದಿನೇಳರ ಎತ್ತರ

ಎರಡು ಸಾವಿರದ ನೂರ ಮೂವತ್ತೊಂಬತ್ತನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ. ಶಿಂಷಾ ದಂಡೆ.

ನೂರು ವರ್ಷದ ಹಿಂದೆ ಕೂತು ಹಾಜರಿ ಪುಸ್ತಕ ಬರೆಯುತ್ತಿರುವವರಿಗೆ,

ನನ್ನ ಕನ್ನಡ ಗಡುಸಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಭಾಷೆಯನ್ನು ನಾನು ಕಲಿತದ್ದು ರಜೆ ಅರ್ಜಿಗಳಿಂದ. ನಾನೊಬ್ಬ ಹಾಜರಿಗ. ಹಳೆಯ ಕಾರ್ಖಾನೆಗಳ ಹಾಜರಿ, ಆರೋಗ್ಯ ತಪಾಸಣೆ, ರಾಜೀನಾಮೆಗಳನ್ನು ವರ್ಷದಿಂದ ವರ್ಷಕ್ಕೆ ಜೋಡಿಸಿ, ಜನ ಹೇಗೆ ದುಡಿದರೆಂದು ನೋಡುವವನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಕಾರ್ಖಾನೆಗಳಿಲ್ಲ. ಬಟ್ಟೆ ಹಿತ್ತಲಲ್ಲೇ ಬೆಳೆಯುತ್ತದೆ; ಬೆಳಿಗ್ಗೆ ಕತ್ತರಿಸಿಕೊಂಡು ಉಡುತ್ತೇವೆ. ಬದಲಿಗೆ ಪ್ರತಿ ಊರಿನಲ್ಲೂ ಒಂದು ಹೆಸರುಗಟ್ಟೆ ಇದೆ, ಹಿಂದೆ ದುಡಿದವರ ಹೆಸರು ಕೆತ್ತಿದ ಕಲ್ಲುಕಟ್ಟೆ. ಯುಗಾದಿಯ ಮರುದಿನ ಮನೆಯವರು ಬಂದು ತಮ್ಮವರ ಹೆಸರಿಗೆ ನೀರು ಹಾಕುತ್ತಾರೆ. ದಾಖಲೆಯಲ್ಲಿ ಇಲ್ಲದ ಹೆಸರು ಕಲ್ಲಿನಲ್ಲೂ ಇರುವುದಿಲ್ಲ. ನಮ್ಮೂರಿನ ಪಟ್ಟಿ ನಾಳೆ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ.

ಹೊಂಬಾಳಮ್ಮ ಎಂಬ ಮುದುಕಿ ಮೂರು ಸಲ ಬಂದಿದ್ದರು. ಅವರ ಮುತ್ತಜ್ಜಿ ಚಿಕ್ಕತಾಯಿ ಇಲ್ಲಿನ ಉಡುಪು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕಾಲರ್ ಹೊಲಿದಳಂತೆ. ಆ ಹೆಸರು ಪುಸ್ತಕದಲ್ಲಿಲ್ಲ ಎಂದು ಮೂರು ಸಲವೂ ಹೇಳಿದೆ. ‘ನಿಮ್ಮ ಪುಸ್ತಕ ಹೊಲ್ದಿರೋ ಕಾಲರ್ ಒಂದು ತೋರ್ಸಪ್ಪ, ನೋಡಾಣ’ ಎಂದು ಹೊರಟುಹೋದರು.

ಪುಸ್ತಕದಲ್ಲಿ ಇದ್ದವಳು ಜಯಶೀಲ, ಟೋಕನ್ ನಾನೂರ ಹದಿನೇಳು. ಮೂವತ್ತೊಂದು ವರ್ಷ ಕಾಲರ್ ಸಾಲಿನಲ್ಲೇ ಇದ್ದಳು. ಆ ಕಾಲದ ಹೆಂಗಸರು ಹಿಡಿದ ಕೆಲಸ ಬಿಟ್ಟು ಕದಲುತ್ತಿರಲಿಲ್ಲವೆಂದು ನಾನು ಬರೆದ ಗ್ರಂಥಕ್ಕೆ ಅವಳೇ ಮೊದಲ ಸಾಕ್ಷಿ. ಹನ್ನೊಂದನೆಯ ವರ್ಷದ ತಪಾಸಣೆಯಲ್ಲಿ ಅವಳ ಎತ್ತರ ನೂರ ನಲವತ್ತೇಳು ಸೆಂಟಿಮೀಟರಿನಿಂದ ನೂರ ಐವತ್ತೆಂಟಕ್ಕೆ ಏರಿ, ಅಲ್ಲೇ ನಿಂತಿತ್ತು. ಹೊಂದದ ಅಂಕಿಗಳನ್ನು ನಾವು ಹದಗೊಳಿಸುತ್ತೇವೆ, ಅಂದರೆ ಸರಾಸರಿ ತೆಗೆದು ಸಮ ಮಾಡುತ್ತೇವೆ. ನೂರ ಐವತ್ತನಾಲ್ಕು ಎಂದು ಬರೆದು ಮುಂದೆ ಹೋಗಿದ್ದೆ. ಅಷ್ಟು ಎತ್ತರದವರು ಆ ಟೋಕನ್ನಿನ ಜಾಗದಲ್ಲಿ ಎಂದೂ ಕೂತಿರಲಿಲ್ಲ.

ಮುದುಕಿಯ ಮಾತು ಕಿವಿಯಲ್ಲಿ ಉಳಿದಿತ್ತು. ಇಂದು ಮೂಲ ಪುಸ್ತಕವನ್ನೇ ತೆರೆದೆ. ಕೊನೆಯ ಷರಾ ಕಾಲಮನ್ನು, ಅಂದರೆ ಟಿಪ್ಪಣಿಯ ಜಾಗವನ್ನು, ನಾವು ಓದುವುದಿಲ್ಲ. ಅದರಲ್ಲಿ ಅಂಕಿ ಇರುವುದಿಲ್ಲ. ಆ ವರ್ಷ ದಸರಾ ರಜೆ ಮುಗಿದ ದಿನ ಟೈಮ್‌ಕೀಪರ್ ಅಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾನೆ: ‘ಏನವ್ವ, ರಜೆಲಿ ನಾಕಿಂಚು ಬೆಳ್ದಿದ್ದೀಯಲ್ಲ ಅಂದೆ. ಅದಕ್ಕೆ ಅವ್ಳು, ನಾನು ತಂಗಿ ಚಿಕ್ಕತಾಯಿ ಸಾ, ಅಕ್ಕನ್ ಕೈ ಮಡಚಕ್ಕಾಗಲ್ಲ, ನಂತಾವ ವಯಸ್ಸಿನ್ ಸರ್ಟಿಫಿಕೇಟ್ ಇಲ್ಲ, ಕಾಲರ್ ನೆಟ್ಟಗೆ ಹೊಲಿತೀನಿ ಅಂದ್ಲು. ಅಕ್ಕನ್ ಹೆಸ್ರಲ್ಲೇ ಹಾಜರಿ ಹಾಕಿವ್ನಿ.’

ಜಯಶೀಲ, ಚಿಕ್ಕತಾಯಿ ಎಂದು ಒಂದು ಸಾಲನ್ನು ಎರಡು ಮಾಡಿ ಪಟ್ಟಿ ಕಳಿಸಿದೆ. ಗ್ರಂಥವನ್ನು ಹಿಂತೆಗೆದುಕೊಂಡೆ. ಅದರಲ್ಲಿ ಇಂಥ ಸಾಲುಗಳು ಇನ್ನೆಷ್ಟಿವೆಯೋ ನನಗೆ ತಿಳಿಯದು.

ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ. ಷರಾ ಕಾಲಮನ್ನು ಖಾಲಿ ಬಿಡಬೇಡಿ. ಎದುರಿಗೆ ನಿಂತವರು ಏನೆಂದರೋ ಅದನ್ನೇ ಬರೆಯಿರಿ, ಅಕ್ಷರ ಚಿಕ್ಕದಾದರೂ ಸರಿ.

ಸುದ್ದಿ ಹೇಳಿದಾಗ ಹೊಂಬಾಳಮ್ಮ ಕೇಳಿದ್ದು ಮುತ್ತಜ್ಜಿಯ ಎತ್ತರವನ್ನು ಮಾತ್ರ. ಹೇಳಿದೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು, ನೆತ್ತಿಯ ಮೇಲೆ ಅಂಗೈ ಇಟ್ಟು, ಅಳೆ ಎಂದರು. ವಯಸ್ಸಿಗೆ ಕುಗ್ಗಿದ್ದಾರೆ. ನೂರ ಐವತ್ತೆರಡು. ಹದಗೊಳಿಸದೆ ಬರೆದಿಟ್ಟಿದ್ದೇನೆ.