ಹೆಬ್ಬೆಟ್ಟಿನ ಮನುಷ್ಯಾ

ಚಂದ್ರಾಮಣ್ಣಾ,

ನೀ ಇದ್ದಾಗಲೂ ಅಕ್ಷರ ಓದುತ್ತಿರಲಿಲ್ಲ, ಈಗ ನೀನೇ ಇಲ್ಲ. ಅದಕ್ಕೇ ಧೈರ್ಯ ಮಾಡಿ ಬರೆಯಾಕತ್ತೀನಿ.

ಇವತ್ತು ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯವರು, ಅವರ ಕಟ್ಟಡ ಕಟ್ಟಿದ ನಮ್ಮಂಥ ಗುತ್ತೇದಾರರನ್ನೆಲ್ಲ ಎ.ಸಿ. ಹಾಲಿನಾಗ ಕೂಡಿಸಿ ಒಂದು ಭಾಷಣ ಕೇಳಿಸಿದರು. ಬುದ್ಧಿ ಒಂದೇ ಥರದ್ದಲ್ಲ, ಕೆಲವರಿಗೆ ಅದು ಕೈಯಾಗ ಇರತೈತಿ ಅಂದರು ಭಾಷಣ ಮಾಡಿದ ರಶ್ಮಿ ಮೇಡಂ. “ಅಂಥವರನ್ನ ಯಾರಾದರೂ ಕಂಡೀರೇನು?”

ಮಾತು ನನ್ನ ಬಂಡವಾಳ, ಎದ್ದು ನಿಂತೆ. ನೀ ಗಿಲಾವು ಮಾಡಿದ ಗೋಡೆಗೆ ಹೆಬ್ಬೆಟ್ಟು ಒತ್ತಿ, “ಇನ್ನೂ ಹಸಿ ಐತಿ, ನಾಕು ದಿನ ಬಣ್ಣ ಹಚ್ಚಬ್ಯಾಡ” ಅಂದರೆ ಇಂಜಿನಿಯರನೂ ಸುಮ್ಮನಾಗುತ್ತಿದ್ದ ಅಂತ ಹೇಳಿದೆ. ಚಪ್ಪಾಳೆ ಬಿತ್ತು.

“ಅವರು ನಿಮಗೇನಾಗಬೇಕು?”

“ನನ್ನ ಗುರು, ಮೇಡಂ.”

ಅಣ್ಣ ಅನ್ನಲಿಲ್ಲ. ಹಿಮಾಯತ್‌ನಗರದ ಅಂಗಡಿಯ ಕಥೆಯನ್ನೂ ಹೇಳಲಿಲ್ಲ. ಅಲ್ಲಿ ನೀ ಬ್ಯಾಡ ಅಂದರೂ ಉದ್ಘಾಟನೆಯ ಅವಸರಕ್ಕೆ ಬಣ್ಣ ಹಚ್ಚಿಸಿದವ ನಾನು. ತಿಂಗಳೊಳಗೆ ಗೋಡೆಯ ಬಣ್ಣ ಬೊಬ್ಬೆ ಎದ್ದಾಗ ಮಾಲಕರ ಮುಂದೆ ನಿನ್ನ ಕಡೆ ಬೆರಳು ಮಾಡಿದೆ: “ಹೆಬ್ಬೆಟ್ಟಿನ ಮನುಷ್ಯಾರಿ, ಅವಗೇನು ತಿಳೀತೈತಿ?” ನೀ ಕರಣೆ ತೊಳೆದು ಚೀಲದಾಗಿಟ್ಟು, ಪಟಾನ್‌ಚೆರು ಬಸ್ಸು ಹತ್ತಿದಿ. ಮುಂದೆ ನಾ ನೋಡಿದ್ದು ನಿನ್ನ ಹೆಣವನ್ನೇ.

ಹೊರಡುವಾಗ ಸಹಿಗೆ ಹಾಜರಿ ಪುಸ್ತಕ ಚಾಚಿದರು. ನನ್ನನ್ನ ಶಾಲೆಗೆ ಸೇರಿಸಿದ ದಿನ ಪಾಲಕರ ಸಹಿಯ ಜಾಗದಾಗ ನೀ ಒತ್ತಿದ್ದು ಅದೇ ಹೆಬ್ಬೆಟ್ಟು ಅಂತ ನೆನಪಾತು. ನಾನೂ ಹೆಬ್ಬೆಟ್ಟೇ ಒತ್ತಬೇಕು ಅನ್ನಿಸಿತು.

ಆದರೂ ಸಹಿ ಮಾಡಿದೆ ಅಣ್ಣಾ. ಭಾಳ ಚಂದ ಬಂತು.