ಪರದೆ ಸರಿಯಾಗಿದೆ, ಉಳಿದದ್ದು ನಿನ್ನದು

ತಿಮ್ಮೇಶಣ್ಣ,

ನಿನ್ನೆ ‘ಲೇ ಅಂಜಲಿ, ನಿನ್ನ ಲಿನಕ್ಸು ಸತ್ತೈತೆ’ ಅಂತ ಓಣಿಗೆಲ್ಲ ಕೇಳುವಂತೆ ಕೂಗಿದೆಯಲ್ಲ, ಕಂಪ್ಯೂಟರ್ ಸತ್ತಿರಲಿಲ್ಲ. ಚಿತ್ರ ಚೆನ್ನಾಗಿ ಕಾಣಲೆಂದು ನೀನು ನಮ್ಮ ಹಳೇ ಮಾನಿಟರ್ ತಾಳಲಾರದ ರೆಸಲ್ಯೂಷನ್ ಆರಿಸಿದ್ದೆ. ಪರದೆ ಕಪ್ಪಾದಾಗ ಕೈಕಟ್ಟಿ ಕೂತಿದ್ದರೆ ಸಾಕಿತ್ತು. ‘ಹೀಗೇ ಇರಲೇ?’ ಎಂದು ಅದು ಕೇಳುತ್ತದೆ. ಸ್ವಲ್ಪ ಹೊತ್ತು ಯಾರೂ ಉತ್ತರಿಸದಿದ್ದರೆ ಬೇಡವೆಂದು ತಿಳಿದು ತಾನೇ ಹಳೆಯದಕ್ಕೆ ಮರಳುತ್ತದೆ. ನೀನು ಗಾಬರಿಯಲ್ಲಿ ಎಂಟರ್ ಒತ್ತಿ ಹೌದೆಂದುಬಿಟ್ಟೆ. ಈಗ ಸರಿ ಮಾಡಿದ್ದೇನೆ. ಮುಟ್ಟಬೇಡ.

ಸಾರು ಬಿಸಿ ಮಾಡಿಕೋ, ಮುದ್ದೆ ಮುಚ್ಚಿಟ್ಟಿದ್ದೇನೆ.

ಮೊನ್ನೆ ನನ್ನನ್ನು ನೋಡಲು ಬಂದ ತಾಳ್ಯದವರ ಮುಂದೆ ಅಪ್ಪನೂ ಕೇಳಿದರು, ‘ಏನವ್ವಾ, ಹುಡುಗ ಒಪ್ಪಿಗೇನಾ?’ ನಾನು ಸುಮ್ಮನಿದ್ದೆ. ‘ಸುಮ್ನೆ ಅವಳೆ ಅಂದ್ರೆ ಒಪ್ಪಿಗೆ ಐತೆ’ ಅಂದುಬಿಟ್ಟರು. ಎಲೆ ಅಡಿಕೆ ತಟ್ಟೆಯನ್ನು ಒಳಗಿಂದ ಓಡೋಡಿ ತಂದವನು ನೀನು. ಅಲ್ಲಿಯೂ ಎಂಟರ್ ಒತ್ತಿದ್ದು ನೀನೇ.

ಆದ್ದರಿಂದ ಹುಡುಗ ಬೇಡವಂತೆ ಎಂದು ಅಪ್ಪನಿಗೆ ನೀನೇ ಮೊದಲು ಹೇಳು. ಅವರು ಕೂಗಾಡಿ ಮುಗಿಸುವ ಹೊತ್ತಿಗೆ ನಾನು ಶ್ರೀರಾಂಪುರಕ್ಕೆ ಹೋಗಿ ಬಂದಿರುತ್ತೇನೆ. ಆಮೇಲೆ ನನ್ನನ್ನು ಇನ್ನೊಮ್ಮೆ ಕೇಳಲಿ. ಈ ಸಲ ಬಾಯಿಬಿಟ್ಟೇ ಉತ್ತರ ಕೊಡುತ್ತೇನೆ. ನಮ್ಮ ಮನೆಯವರಿಗೆ ಕಂಪ್ಯೂಟರಿನಷ್ಟು ಬುದ್ಧಿಯಿಲ್ಲ.

ಅಂಜಲಿ