ಝಿಂಗ್ರಾಣರ ಮೊದಲನೆಯ ಹಾಳೆ

ಖೇಡಿ ಮಾಂಡಲಾ, ಜೀಂದ್ ಜಿಲ್ಲೆ
ಮಾರ್ಚ್ ೧೨, ಬುಧವಾರ

ಪ್ರೀತಿಯ ಮಗಳು ಸೋನಿಕಾಗೆ,

ಅಮ್ಮನ ಆಶೀರ್ವಾದ. ಹಾಸ್ಟೆಲಿನ ಅಡುಗೆಯನ್ನು ಬೈಯುತ್ತಲೇ ಆದರೂ ಹೊಟ್ಟೆ ತುಂಬ ಉಣ್ಣು. ಕೈಯಲ್ಲಿ ಫೋನ್ ಇರುವಾಗ ಅಮ್ಮ ಕಾಗದ ಬರೆದಳೆಂದು ನಗಬೇಡ. ಈ ವಿಷಯ ಹೇಳಲೆಂದೇ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಎಮ್ಮೆ ಕರು ಹಾಕಿದ ಸುದ್ದಿ ಹೇಳಿ ಇಟ್ಟುಬಿಟ್ಟೆ.

ಅಮರದೀಪನ ವಿಷಯ. ಹೆಸರಿನ ಮುಂದೆ ಬರೀ ಸಿಂಗ್ ಎಂದು ಬರೆದುಕೊಳ್ಳುವ ಹುಡುಗ. ಒಂದು ವರ್ಷ ಜೊತೆಗೆ ಓದಿದರೂ ನೀನು ಗೋತ್ರ ಕೇಳಲಿಲ್ಲ. ಮನೆಯವರು ಮಾತಿಗೆ ಕೂತಾಗಲೇ ಅವನು ಬಡಸೋರಾ ಗೋತ್ರದವನು ಎಂದು ತಿಳಿದದ್ದು. ಹೋದ ವಾರ ನೀನು, “ಇರ್ಲಿ ಬಿಡಮ್ಮ. ಅವ್ನೂ ಬಡಸೋರಾ, ನಿನ್ನ ತವರೂ ಬಡಸೋರಾ. ಅಮ್ಮನ ಗೋತ್ರದೋನು ಅಂದ್ರೆ ನಂಗೆ ಅಣ್ಣ ಆದ ಹಾಗೆ. ಮುಗೀತು” ಎಂದೆ. ಆಮೇಲೆ ನೀನು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಮಗಳೇ, ನಾನು ಬಡಸೋರಾ ಅಲ್ಲ. ಜಾಟರ ಮಗಳೇ ಅಲ್ಲ. ನನ್ನದು ಒಡಿಶಾದ ಬಲಾಂಗೀರ್ ಕಡೆಯ ಹಳ್ಳಿ. ನಿನ್ನ ಅಪ್ಪನಿಗೆ ಈ ಕಡೆ ಹೆಣ್ಣು ಸಿಗಲಿಲ್ಲ, ನಮ್ಮ ಮನೆಯಲ್ಲಿ ಐದು ಹೆಣ್ಣುಮಕ್ಕಳು. ದಲ್ಲಾಳಿಯೊಬ್ಬ ರೈಲು ಹತ್ತಿಸಿ ಕರೆತಂದು ಇಲ್ಲಿ ಬಿಟ್ಟುಹೋದ. ಆಗ ನನಗೆ ಹತ್ತೊಂಬತ್ತು.

ಆ ಚಳಿಗಾಲ ವಂಶಾವಳಿ ಓದುವ ಹಳೆಯ ಭಾಟರು ಮನೆತನಗಳ ಹೆಸರು ಬರೆದಿಟ್ಟ ಪೋಥಿ ಹೊತ್ತು ಬಂದು, ಹೊಸ ಸೊಸೆಯ ಗೋತ್ರ ಯಾವುದು ಎಂದು ಕೇಳಿದರು. ಗೋತ್ರವಿಲ್ಲದವಳ ಮಕ್ಕಳನ್ನು ಪೋಥಿಯಲ್ಲಿ ಬರೆಯಲು ಊರು ಬಿಡುತ್ತಿರಲಿಲ್ಲ. ನಿನ್ನ ಅಜ್ಜಿ ಭರ್ಪಾಯಿ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲೂ ಇಲ್ಲ. “ಬಡಸೋರಾ ಅಂತ ಬರ್ಕೊ. ಅವಳಪ್ಪ ಲಾರಿ ಓಡಿಸ್ತಾ ಪೂರ್ವಕ್ಕೆ ಹೋದೋನು ಅಲ್ಲೇ ಸತ್ತ. ಇನ್ನೇನು ಬೇಕು ನಿಂಗೆ, ಅವನ ಮೂಳೆ ತಂದು ತೋರಿಸ್ಲಾ?” ಎಂದಳು. ಯಮುನೆಯಾಚೆ ಹನ್ನೆರಡೇ ಊರುಗಳಲ್ಲಿರುವ ಗೋತ್ರ, ಅಲ್ಲಿಂದ ವಿಚಾರಿಸಲು ಯಾರೂ ಬರುವುದಿಲ್ಲವೆಂಬ ಧೈರ್ಯ ಅವಳಿಗೆ. ಊರು ಅರ್ಧ ನಂಬಿತು, ಉಳಿದರ್ಧ ಅವಳ ಬಾಯಿಗೆ ಹೆದರಿತು. ಅಂಥ ಅತ್ತೆಯನ್ನು ಪಡೆಯಲು ನಾನು ಏನು ಪುಣ್ಯ ಮಾಡಿದ್ದೆನೋ! ಅವಳ ಬಾಯಿಗೆ ಮೊದಲು ಬಂದ ಆ ಗೋತ್ರವೇ ಹೀಗೆ ನಿನಗೆ ಅಡ್ಡ ಬರುತ್ತದೆಂದು ಪಾಪ, ಅವಳಿಗೇನು ಗೊತ್ತು.

ಮೊನ್ನೆ ಸೋಮವಾರ ಆ ಭಾಟರ ಮಗ ಮಾಂಗೇರಾಮ್ ಬಂದಿದ್ದರು, ನಿನ್ನ ಚಿಕ್ಕಪ್ಪನ ಮೊಮ್ಮಗನ ಹೆಸರು ಸೇರಿಸಲು. ಗಂಡಸರೆಲ್ಲ ಹುಕ್ಕಾ ಸುತ್ತ ಕೂತರು. ಪೋಥಿಗೆ ಸುತ್ತಿದ ಕೆಂಪು ಬಟ್ಟೆ ಬಿಚ್ಚಿ ಅವರು ನಿನ್ನ ಅಪ್ಪನ ಕಡೆಯ ಝಿಂಗ್ರಾಣರ ಇಪ್ಪತ್ತಮೂರು ತಲೆಮಾರು ಓದಿದರು. ಯಾರು ಯಾವ ಬಾವಿ ತೋಡಿಸಿದ, ಯಾರು ಯಾವ ಯುದ್ಧದಿಂದ ವಾಪಸು ಬರಲಿಲ್ಲ, ಒಂದೂ ತಪ್ಪಲಿಲ್ಲ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಮುತ್ತಜ್ಜನ ಹೆಸರೇ ನನಗೆ ಗೊತ್ತಿಲ್ಲ, ನೋಡು.

ನನ್ನ ಹೆಸರು ಬಂತು. “ಬಿಮಲಾ, ಬಡಸೋರಾ ಗೋತ್ರದ ಮಗಳು.” ನಿನ್ನ ದೊಡ್ಡಪ್ಪ ತೊಡೆ ತಟ್ಟಿ, “ಕೇಳಿದ್ರಲ್ಲ? ಹುಡುಗ ಚಿನ್ನದಂಥೋನೇ. ಆದ್ರೆ ಪೋಥಿ ಮುಂದೆ ನಾನ್ಯಾರು?” ಎಂದರು.

ಇಪ್ಪತ್ತಾರು ವರ್ಷದಲ್ಲಿ ನಾನು ಭಾವನ ಎದುರು ಬಾಯಿ ತೆರೆದವಳಲ್ಲ. ಅವತ್ತು ಸೆರಗಿನೊಳಗಿಂದಲೇ, “ಅದು ಸುಳ್ಳು. ನಂಗೆ ಗೋತ್ರಾನೇ ಇಲ್ಲ” ಎಂದುಬಿಟ್ಟೆ. ಎಲ್ಲ ಹೇಳಿದೆ. ನಿನ್ನ ಅಪ್ಪ ನೆಲ ನೋಡುತ್ತ ಕೂತಿದ್ದರು. ದೊಡ್ಡಪ್ಪನ ಮುಖ ಕೆಂಪಾಯಿತು. “ರಾಜಾ ಝಿಂಗರ್‌ಸಿಂಗ್ ವಂಶ ನಮ್ದು! ಇಪ್ಪತ್ತಮೂರು ತಲೆಮಾರಲ್ಲಿ ಗೋತ್ರ ಇಲ್ದೋಳು ಈ ಹೊಸ್ತಿಲು ತುಳಿದಿದ್ದುಂಟಾ?” ಎಂದು ಕೂಗಾಡಿದರು.

ಮಾಂಗೇರಾಮ್ ಕನ್ನಡಕ ಒರೆಸಿಕೊಂಡು, “ಚೌಧರಿ, ಮೊದಲನೇ ಹಾಳೆ ಓದ್ಲಾ? ನಿಮ್ಮಪ್ಪ ಯಾವಾಗ್ಲೂ ‘ಅದು ಬಿಡು, ರಾಜನ ಕಥೆ ಹೇಳು’ ಅಂತಿದ್ರು. ಹಾಗೆ ಬಿಟ್ಟೂ ಬಿಟ್ಟೂ ನಿಮಗೂ ಗೊತ್ತಿಲ್ಲ” ಎಂದರು. ಓದಿದರು. ಅಲ್ಲಿ ರಾಜನೇ ಇಲ್ಲ, ಸೋನಿಕಾ! ಬರಗಾಲದಲ್ಲಿ ಮರಳುಗಾಡಿನ ಕಡೆಯಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು, ಒಂದು ಎಮ್ಮೆಯನ್ನು ಹೊಡೆದುಕೊಂಡು ಬಂದ ಒಬ್ಬ ಹೆಂಗಸು, ಝಿಂಗರೋ. ಈಗ ನಮ್ಮ ಎಮ್ಮೆಗಳು ಮೀಯುವ ಕೆರೆಯನ್ನು ತೋಡಿದವಳು ಅವಳು. ಅವಳ ಗಂಡ ಯಾರು, ಯಾವ ಗೋತ್ರ ಎಂದು ಬರೆದಿಲ್ಲ. ಝಿಂಗರೋ ಮಕ್ಕಳು ಎಂದು ಜನ ಕರೆದರು. ನೀವೆಲ್ಲ ಹೆಸರಿನ ಕೊನೆಗೆ ಅಷ್ಟು ಜಂಬದಿಂದ ಹಚ್ಚಿಕೊಳ್ಳುವ ಝಿಂಗ್ರಾಣ ಬಂದದ್ದು ಹಾಗೆ.

ಹುಕ್ಕಾ ಆರಿಹೋಗಿತ್ತು, ಆದರೂ ದೊಡ್ಡಪ್ಪ ಎಳೆಯುತ್ತಿದ್ದರು. ಕೊನೆಗೆ ನನ್ನ ಕಡೆ ನೋಡದೆ, “ಹುಡುಗನ ಮನೆಗೆ ಇದನ್ನ ಮೊದ್ಲೇ ಹೇಳ್ಬೇಕು. ಒಪ್ಪಿದ್ರೆ ಬರ್ಲಿ, ನಾನೇ ಬಾಗಿಲಲ್ಲಿ ನಿಂತ್ಕೋತೀನಿ” ಎಂದರು. ದೊಡ್ಡ ಮನುಷ್ಯ ಕಣೇ. ಕೂಗಾಡಿದರೂ ಸತ್ಯದ ಮುಂದೆ ತಲೆ ಬಾಗಿಸಿದರು.

ಹಾಗಾಗಿ ಈಗ ನಿನ್ನ ಸರದಿ. ಅಮರದೀಪನಿಗೆ ಈ ಕಾಗದವನ್ನೇ ಓದಿಸು, ಒಂದು ಸಾಲೂ ಮುಚ್ಚಬೇಡ. ಅವನು ಹಿಂದೆ ಸರಿದರೆ ಅತ್ತುಬಿಡು, ನಾನು ಬಂದು ಜೊತೆಗೆ ಅಳುತ್ತೇನೆ. ನನ್ನ ಬಗ್ಗೆ ಮಾತ್ರ ನಾಚಿಕೆ ಪಡಬೇಡ. ಅದೊಂದನ್ನು ನನ್ನಿಂದ ತಡೆದುಕೊಳ್ಳಲಾಗದು.

ನಿನ್ನ ಅಮ್ಮ,
ಬಿಮಲಾ

ತಾ.ಕ.: ಪೋಥಿ ತಿದ್ದುವಾಗ ಮಾಂಗೇರಾಮ್ ತವರಿನಲ್ಲಿ ನನಗಿಟ್ಟ ಹೆಸರು ಕೇಳಿದರು. ಸುಕಾಂತಿ ಎಂದೆ. ಬಿಮಲಾ ಎಂಬುದು ನಾನು ಬಂದ ದಿನ ನಿನ್ನ ಅಜ್ಜಿ ಇಟ್ಟದ್ದು. ಇಷ್ಟು ವರ್ಷ ನಿನ್ನ ಅಪ್ಪ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇವತ್ತು ಬೆಳಗಿನಿಂದ ನಾಲ್ಕನೆಯ ಸಲ ಅಂಗಳದಿಂದ “ಸುಕಾಂತಿ, ಒಂದು ಲೋಟ ನೀರು ಕೊಡು” ಎನ್ನುತ್ತಿದ್ದಾರೆ. ಅವರಿಗೆ ಬಾಯಾರಿಕೆಯಾಗಿಲ್ಲ, ನನಗೆ ಗೊತ್ತು.